ಗುಡಿಸಿಟ್ಟ ಒರತೆ

ಬ್ರಾನಕ್ ಕೌಂಟಿಯಲ್ಲಿ ಯಾರನ್ನಾದರೂ ಹೇಗಿದ್ದೀರಿ ಎಂದು ಕೇಳಿದರೆ ಬರುವ ಉತ್ತರ ಒಂದೇ: "ಏನೂ ತೊಂದರೆ ಇಲ್ಲ." ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರೂ ಹೀಗೇ ಹೇಳುತ್ತಾರೆ. ಓಕ್ ಮರ ಬಿದ್ದು ಅಡುಗೆಮನೆಯ ಸೂರು ಮುರಿದ ವಾರ ನಮ್ಮ ಚರ್ಚಿನ ಪಾಸ್ಟರ್ ಕೂಡ ಹೀಗೇ ಹೇಳಿದರು. ಇದು ಸುಳ್ಳಲ್ಲ, ಮರ್ಯಾದೆ. ಓರ್ಫಾ ಗಿಡೆನ್ಸ್ ಅವರ ಹಸುಗಳಿಗೆ ಏನಾಯಿತು ಎಂಬುದು ಈ ಒಂದು ಮಾತು ತಿಳಿಯದೆ ಅರ್ಥವಾಗುವುದಿಲ್ಲ, ಅದಕ್ಕೇ ಮೊದಲು ಬರೆದೆ.

ಓರ್ಫಾ ಅವರ ಜಮೀನು ನಮ್ಮ ಜಮೀನಿನ ಪಕ್ಕದ್ದು. ಅವರಿಗೆ ಅರವತ್ತು ದಾಟಿದೆ, ಮದುವೆಯಾಗಿಲ್ಲ. ಪರ್ಡಿನ್ ಊರಿನ ಶೂ ಫ್ಯಾಕ್ಟರಿಯಲ್ಲಿ ಶೂಗಳ ಲೇಸಿನ ಕೆಳಗಿನ ನಾಲಗೆ ಹೊಲಿಯುವ ಕೆಲಸ ಮಾಡುತ್ತಿದ್ದರು. ಫ್ಯಾಕ್ಟರಿ ಮುಚ್ಚಿದ ಮೇಲೆ ಶಾಲೆಯ ಅಡುಗೆಮನೆ ಸೇರಿದರು. ಭಾನುವಾರ ಚರ್ಚಿನಲ್ಲಿ ಪಿಯಾನೊ ನುಡಿಸುತ್ತಾರೆ. ಅಪ್ಪ ತೀರಿಕೊಂಡಾಗ ಜಮೀನು ಅವರಿಗೂ ತಮ್ಮ ಹಾಬರ್ಟ್‌ಗೂ ಬಂತು: ಕಲ್ಲು ತುಂಬಿದ ಇಳಿಜಾರು, ಮೇಲೆ ಸೀಡರ್ ಮರಗಳ ದಿಣ್ಣೆ, ಕೆಳಗಿನ ತಗ್ಗಿನಲ್ಲಿ ಒಂದು ಒರತೆ. ಹಸುಗಳೂ ಬಂದವು. ಕೆಂಪು ಮೈ, ಬಿಳಿ ಮುಖದ ಹಸುಗಳು. ಹಾಲು ಕರೆಯುವುದಕ್ಕಲ್ಲ, ಕರು ಬೆಳೆಸಿ ಮಾರುವುದಕ್ಕೆ. ಯಾವ ಹಸು ಯಾವುದರ ಮೊಮ್ಮಗಳು ಎಂದು ಓರ್ಫಾ ಮೂರು ತಲೆಮಾರು ಹಿಂದಕ್ಕೆ ಹೇಳಬಲ್ಲರು. ಅವರ ಮನೆಯಲ್ಲಿ ಟಿವಿ ಇದೆ, ಆದರೆ ಸಂಜೆ ಅವರು ನೋಡುತ್ತಾ ಕೂರುವುದು ಹಸುಗಳನ್ನು.

ಕಷ್ಟವಿದ್ದದ್ದು ನೀರಿನದು. ಹಸುಗಳಿಗೆ ಆ ಒರತೆ ಬಿಟ್ಟರೆ ಬೇರೆ ನೀರಿಲ್ಲ. ಬಿಸಿಲು ಏರಿತೆಂದರೆ ಎಲ್ಲವೂ ಅದರೊಳಗೇ ಹೋಗಿ ನಿಲ್ಲುತ್ತಿದ್ದವು. ದಡ ತುಳಿದು ತುಳಿದು ಕುಸಿಯಿತು, ನೀರು ಕೆಸರಾಯಿತು, ಕೆಸರಿನಲ್ಲೇ ಸಗಣಿ. ಕಳೆದ ಏಪ್ರಿಲ್‌ನಲ್ಲಿ ಒಂದು ಕರು ಆ ಕೆಸರಿನಲ್ಲಿ ಹೂತುಕೊಂಡು ಸತ್ತೇ ಹೋಯಿತು. ಹಗ್ಗ ಹಾಕಿ ಎಳೆದವರು ಹಾಬರ್ಟ್. ಎಳೆಯುವಾಗ ಅವರ ಮಂಡಿ ತಿರುಚಿಕೊಂಡಿತು.

"ಅಕ್ಕಾ, ಇನ್ನು ನನ್ನ ಕೈಲಾಗಲ್ಲ," ಎಂದರು ಹಾಬರ್ಟ್. "ಅಕ್ಟೋಬರ್ ಸಂತೆಯೊಳಗೆ ಇವಕ್ಕೆ ಒಳ್ಳೆ ನೀರಿಗೆ ದಾರಿ ಮಾಡು. ಇಲ್ಲಾಂದ್ರೆ ಅಷ್ಟೂ ಹರಾಜಿಗೆ ಹೋಗ್ಲಿ."

ಓರ್ಫಾ ಆಗಲಿ ಎಂದರು. ತಮ್ಮ ಹೇಳಿದ್ದರಲ್ಲಿ ತಪ್ಪು ಹುಡುಕಲು ಅವರಿಗೆ ಆಗಲಿಲ್ಲ.

ಆಚೆ ದಿಣ್ಣೆಯ ಗಾರ್ಲೆಂಡ್ ಟಿಪ್ಟನ್ ಅವರ ಜಮೀನಿನಲ್ಲೂ ಇಂಥದೇ ಒರತೆ ಇತ್ತು. ಈಗ ಅದರ ಸುತ್ತ ಬೇಲಿ ಇದೆ. ನೀರು ಪೈಪಿನಲ್ಲಿ ಇಳಿದು, ಗಣಿ ಲಾರಿಯ ಹಳೆಯ ಟೈರಿನಿಂದ ಮಾಡಿದ ದೊಡ್ಡ ತೊಟ್ಟಿಗೆ ಬೀಳುತ್ತದೆ. ಹಸುಗಳ ಕಾಲು ಒರತೆಗೆ ತಾಗುವುದೇ ಇಲ್ಲ. ಓರ್ಫಾ ಚರ್ಚಿನ ಮೆಟ್ಟಿಲ ಮೇಲೆ ಅವರನ್ನು ಕೇಳಿದರು.

"ಸರ್ಕಾರದೋರು ಮಾಡಿಸಿಕೊಟ್ರು," ಎಂದರು ಗಾರ್ಲೆಂಡ್. "ಅದೇ, ಮಣ್ಣಿನ ಆಫೀಸು. ಹೋಗು, ಕೊಡ್ತಾರೆ."

ಮಣ್ಣಿನ ಆಫೀಸು ಎನ್ನುವುದು ಓರ್ಫಾ ಅವರ ಅಪ್ಪನ ಕಾಲದ ಮಾತು. ಆ ಹೆಸರಿನ ಬೋರ್ಡು ಈಗ ಎಲ್ಲೂ ಇಲ್ಲ. ಪರ್ಡಿನ್‌ನಲ್ಲಿ ಹೈವೇ ಪಕ್ಕ, ಪಶು ಆಹಾರದ ಅಂಗಡಿಯ ಹಿಂದೆ ಒಂದು ಉದ್ದನೆಯ ಇಟ್ಟಿಗೆ ಕಟ್ಟಡವಿದೆ. ಅದಕ್ಕೆ ಮೂರು ಬಾಗಿಲು, ಮೂರು ಬೋರ್ಡು. ಮೂರರಲ್ಲೂ ಕೃಷಿ ಎಂಬ ಪದ ಇದೆ. ಓರ್ಫಾ ಬೋರ್ಡುಗಳನ್ನು ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ಓದಿ, ಹತ್ತಿರವಿದ್ದ ಬಾಗಿಲಿಗೆ ಹೋದರು.

"ಮಣ್ಣಿನ ವಿಷಯಕ್ಕೆ ಬಂದಿದ್ದೆ," ಎಂದರು.

"ಸರಿಯಾದ ಜಾಗಕ್ಕೇ ಬಂದಿದ್ದೀರಿ," ಎಂದು ಅಲ್ಲಿದ್ದ ಹೆಂಗಸು ಒಂದು ರಟ್ಟಿನ ಡಬ್ಬಿ ಕೊಟ್ಟರು. "ಇದರ ತುಂಬ ಮಣ್ಣು ತುಂಬಿಕೊಂಡು ಬನ್ನಿ."

ಓರ್ಫಾ ಡಬ್ಬಿ ಹಿಡಿದು ಮನೆಗೆ ಬಂದರು. ಒರತೆಗೂ ಡಬ್ಬಿಗೂ ಏನು ಸಂಬಂಧ ಎಂದು ಅವರಿಗೆ ತಿಳಿಯಲಿಲ್ಲ. ಆದರೆ ಆಫೀಸಿನವರು ಹೇಳಿದ ಮೇಲೆ ಏನೋ ಇರಬೇಕು ಎಂದುಕೊಂಡು ಒರತೆಯ ದಡದ ಮಣ್ಣನ್ನೇ ಒಣಗಿಸಿ, ಜರಡಿ ಹಿಡಿದು, ತುಂಬಿ ಕೊಟ್ಟುಬಂದರು. ಎರಡು ವಾರದ ಮೇಲೆ ಫೋನು ಬಂತು: ನಿಮ್ಮ ಮಣ್ಣಿಗೆ ಸುಣ್ಣ ಕಡಿಮೆಯಾಗಿದೆ.

"ಸುಣ್ಣ ಹಾಕಿದ್ರೆ ನೀರು ತಿಳಿಯಾಗುತ್ತಾ?" ಎಂದು ಓರ್ಫಾ ಕೇಳಿದರು.

ಆ ಕಡೆ ಕಾಗದ ತಿರುವಿದ ಸದ್ದಾಯಿತು. ಆಮೇಲೆ, "ನೀವು ಹೋಗ್ಬೇಕಾದ್ದು ಬಹುಶಃ ನಡುವಿನ ಬಾಗಿಲಿಗೆ," ಎಂದರು.

ನಡುವಿನ ಬಾಗಿಲಲ್ಲಿ ಜಾನೆಲ್ ಇದ್ದರು. ಶಾಲೆಯಲ್ಲಿ ಓದುವಾಗ ಓರ್ಫಾ ಅವರ ಕೈಯ ಊಟ ಉಂಡವರು. "ಮಿಸ್ ಓರ್ಫಾ! ಬನ್ನಿ ಬನ್ನಿ. ಹೇಗಿದ್ದೀರಿ?"

"ಏನೂ ತೊಂದರೆ ಇಲ್ಲಮ್ಮ."

"ನಿಮ್ಮ ಫಾರ್ಮ್ ನಂಬರ್ ಹೇಳಿ."

ಓರ್ಫಾ ಮನೆಯ ನಂಬರ್ ಹೇಳಿದರು. ಅದಲ್ಲ ಎಂದಾಗ ಫೋನ್ ನಂಬರ್ ಹೇಳಿದರು. ಜಾನೆಲ್ ನಗುತ್ತಾ ಕಂಪ್ಯೂಟರಿನಲ್ಲಿ ಹುಡುಕಿದರು. ಜಮೀನಿಗೆ ಸರ್ಕಾರ ಕೊಟ್ಟ ನಂಬರ್ ಒಂದಿತ್ತು, ಆದರೆ ಅದು ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು.

"ಈಗ ಹೇಳಿ ಮಿಸ್ ಓರ್ಫಾ, ನಿಮ್ಮಲ್ಲಿ ಆಪರೇಟರ್ ಯಾರು?"

"ಹಾಬರ್ಟ್. ಟ್ರ್ಯಾಕ್ಟರ್ ಅವನೇ ಓಡಿಸೋದು. ನನಗೆ ರಿವರ್ಸ್ ಬರಲ್ಲ."

"ಟ್ರ್ಯಾಕ್ಟರ್ ಬಿಡಿ. ಹಸು ಯಾರ ಮಾತು ಕೇಳ್ತವೆ? ಯಾವಾಗ ಎಲ್ಲಿ ಮೇಯಿಸ್ಬೇಕು ಅಂತ ಹೇಳೋರು ಯಾರು?"

"ಅದು ನಾನು."

"ಹಾಗಾದ್ರೆ ಆಪರೇಟರ್ ನೀವೇ."

ಓರ್ಫಾಗೆ ನಾಚಿಕೆಯಾಯಿತು. ಅದು ಬಡ್ತಿ ಸಿಕ್ಕ ಹಾಗಿತ್ತು, ಆದರೆ ಯಾವುದರಲ್ಲಿ ಎಂದು ಗೊತ್ತಿರಲಿಲ್ಲ. ಜಾನೆಲ್ ತಾಳ್ಮೆಯಿಂದ ವಿವರಿಸಿದರು: ತಮ್ಮದು ಲೆಕ್ಕ ಇಡುವ ಬಾಗಿಲು, ಮಣ್ಣು, ನೀರು ಕಾಪಾಡುವ ಕಾರ್ಯಕ್ರಮಗಳೆಲ್ಲ ಮೂರನೆಯ ಬಾಗಿಲಲ್ಲಿ, ಅಲ್ಲಿಯ ಹುಡುಗಿ ಯಾವಾಗಲೂ ಯಾರದೋ ಹೊಲದಲ್ಲಿ ಇರುತ್ತಾಳೆ, ನಿಮ್ಮ ಅರ್ಜಿ ತುಂಬಿಸಿಕೊಂಡು ಅವಳಿಂದ ಫೋನ್ ಮಾಡಿಸುತ್ತೇನೆ. ಕಾರ್ಯಕ್ರಮಗಳು ಎಷ್ಟಿವೆ ಎಂದು ಓರ್ಫಾ ಕೇಳಿದರು. ಜಾನೆಲ್ ಬೆರಳು ಮಡಿಸುತ್ತಾ ಹೋಗಿ ಎರಡನೆಯ ಕೈಗೆ ಬಂದಾಗ, ಓರ್ಫಾ ಸಾಕಮ್ಮ ಎಂದರು.

ಮೂರನೆಯ ಬಾಗಿಲ ಹುಡುಗಿಯ ಹೆಸರು ಯಾರಿಟ್ಸಾ ಒಕಾಸಿಯೊ. ಪೋರ್ಟೊ ರಿಕೊ ದ್ವೀಪದವಳು, ಅಲ್ಲೇ ಕೃಷಿ ಓದಿ, ಕೆಲಸ ಸಿಕ್ಕಿ ನಮ್ಮ ಕೌಂಟಿಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಫೋನಿನಲ್ಲಿ ಮಾತು ಚುಟುಕಾಗಿತ್ತು. ಆಗಸ್ಟ್ ಕೊನೆಯ ಗುರುವಾರ ಬಂದು ಜಮೀನು ನೋಡುತ್ತೇನೆ ಎಂದಳು.

ಆ ಗುರುವಾರಕ್ಕೆ ಮುಂಚೆ ಓರ್ಫಾ ಮಾಡಿದ್ದನ್ನು ನಾವು ಬೇಲಿಯಾಚೆಯಿಂದ ನೋಡಿದೆವು. ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಮನೆಗೆ ಯಾರಾದರೂ ಬರುತ್ತಾರೆಂದರೆ ಎಲ್ಲರೂ ಮಾಡುವುದನ್ನೇ ಅವರೂ ಮಾಡಿದರು. ಹಸುಗಳನ್ನು ದಿಣ್ಣೆಯ ಮೇಲಿನ ಹುಲ್ಲಿಗೆ ಹೊಡೆದು ಗೇಟು ಹಾಕಿದರು. ದಿನವೂ ಮನೆಯ ಬಾವಿಯ ನೀರನ್ನು ಅಲ್ಲಿಗೆ ಹೊತ್ತು ಹಾಕಿಸಿದರು. ಒರತೆಯ ಸುತ್ತ ಸಗಣಿ ಬಾಚಿದರು, ಕುಸಿದ ದಡವನ್ನು ಸನಿಕೆಯಿಂದ ಸಮ ಮಾಡಿದರು, ಚಪ್ಪಟೆ ಕಲ್ಲು ತಂದು ಜೋಡಿಸಿದರು, ಹುಲ್ಲಿನ ಬೀಜ ಎರಚಿ ಮೇಲೆ ಒಣಹುಲ್ಲು ಹರಡಿದರು. ಆ ವಾರ ಒಂದು ಮಳೆಯೂ ಆಯಿತು. ಬೀಜ ಮೊಳೆತು ದಡವೆಲ್ಲ ಹಸಿರಾಯಿತು. ಹಸುಗಳಿಲ್ಲದ ಮೇಲೆ ನೀರು ತಾನಾಗಿಯೇ ತಿಳಿಯಾಯಿತು.

ಬಿಂದಿಗೆ ಇಳಿಸುತ್ತಾ ಹಾಬರ್ಟ್ ಕೇಳಿದರು: "ಯಾರು ಬರೋದು, ದೇಶದ ಅಧ್ಯಕ್ಷರಾ?"

"ಯಾರೇ ಬರ್ಲಿ. ಮನೆಗೆ ಬರೋರಿಗೆ ಕೊಚ್ಚೆ ತೋರಿಸ್ತೀಯಾ?"

"ಹಾಗಾದ್ರೆ ಹಸುಗಳಿಗೂ ಒಂದೊಂದು ಟೋಪಿ ಹಾಕ್ಸು. ಚರ್ಚಿಗೆ ಕರ್ಕೊಂಡು ಹೋಗಬಹುದು."

"ನೀನು ಆ ಶರ್ಟ್ ಬದಲಾಯಿಸ್ಕೋ. ಹಸುಗಳು ನಿನಗಿಂತ ಚೆನ್ನಾಗಿ ಕಾಣ್ತಿದಾವೆ."

ಯಾರಿಟ್ಸಾ ಗುರುವಾರ ಬೆಳಿಗ್ಗೆ ಬಂದಳು. ಓರ್ಫಾ ಒಣಸೇಬಿನ ಕರಿಗಡುಬು ಕರಿದಿಟ್ಟಿದ್ದರು. ಹುಡುಗಿ ಬೇಡ ಬೇಡವೆಂದು ಎರಡು ತಿಂದಳು.

"ದೋನ್ಯಾ ಓರ್ಫಾ, ಒರತೆ ನೋಡೋಣ್ವಾ?"

"ನನ್ನ ಹೆಸರು ಡೋನಾ ಅಲ್ಲಮ್ಮ, ಬರೀ ಓರ್ಫಾ."

"ನಮ್ಮ ಕಡೆ ದೊಡ್ಡೋರನ್ನ ಹಾಗೇ ಕರೀತೀವಿ."

"ಓ. ಹಾಗಾದ್ರೆ ಕರಿ."

ತಗ್ಗಿಗೆ ಇಳಿದರು. ಯಾರಿಟ್ಸಾ ಒರತೆಯ ಸುತ್ತ ಒಂದು ಸಲ ನಡೆದಳು. ಬಗ್ಗಿ ನೀರು ನೋಡಿದಳು. ಹಸಿರು ದಡ ನೋಡಿದಳು, ಕಲ್ಲು ನೋಡಿದಳು. ಅವಳ ಮುಖ ಸ್ವಲ್ಪ ಗೊಂದಲಕ್ಕೆ ಬಿತ್ತು.

"ಇಲ್ಲಿ ನಿಮಗೆ ಏನು ತೊಂದರೆ ಇದೆ, ದೋನ್ಯಾ ಓರ್ಫಾ?"

"ಏನೂ ತೊಂದರೆ ಇಲ್ಲಮ್ಮ."

"ದಡ ಕುಸಿಯೋದು, ನೀರು ಕೆಡೋದು, ಅಂಥದ್ದು?"

"ಹಸು ಇದ್ದ ಮೇಲೆ ಸ್ವಲ್ಪ ಇದ್ದೇ ಇರುತ್ತೆ. ಅದೇನು ಹೇಳ್ಕೊಳ್ಳೋವಂಥದ್ದಲ್ಲ."

"ಮತ್ತೆ ನನ್ನನ್ನ ಯಾಕೆ ಕರೆಸಿದ್ರಿ?"

"ಒರತೆ ನೋಡೋಕೆ."

"ನೋಡಿದೆ. ತುಂಬಾ ಚೆನ್ನಾಗಿದೆ."

"ಸಂತೋಷ ಮಗಳೇ," ಎಂದರು ಓರ್ಫಾ. ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಇಬ್ಬರೂ, ಇನ್ನೊಬ್ಬರೇ ಮುಂದಿನ ಮಾತು ಆಡಲಿ ಎಂದು ಕಾದರು. ಆಮೇಲೆ ಯಾರಿಟ್ಸಾ ಕೈಕುಲುಕಿ ಹೊರಟಳು. ಓರ್ಫಾ ಉಳಿದ ಕರಿಗಡುಬನ್ನೆಲ್ಲ ಕಟ್ಟಿಕೊಟ್ಟರು. ಮನೆಗೆ ಬಂದು ತಮ್ಮನಿಗೆ, "ಬಹಳ ಮೆಚ್ಕೊಂಡ್ಲು. ಆಯ್ತು ಅಂತ ಇಟ್ಕೋ," ಎಂದರು.

ಸೆಪ್ಟೆಂಬರ್ ಮಧ್ಯದಲ್ಲಿ ಫೋನು ಬಂತು. ಯಾರಿಟ್ಸಾ ಮೆಲ್ಲಗೆ ಹೇಳಿದಳು: ನಿಮ್ಮ ಅರ್ಜಿ ಮುಂದೆ ಹೋಗುವಂತಿಲ್ಲ, ನಾನು ನೋಡಿದ ಜಾಗದಲ್ಲಿ ಸರಿಪಡಿಸುವಂಥದ್ದು ಏನೂ ಕಾಣಲಿಲ್ಲ, ಅರ್ಜಿಗಳನ್ನು ಸೇರಿಸಲು ಈ ತಿಂಗಳ ಕೊನೆಯ ಶುಕ್ರವಾರವೇ ಗಡುವು.

ಓರ್ಫಾ ಫೋನಿಟ್ಟು ಅಡುಗೆಮನೆಯಲ್ಲಿ ಕೂತರು. ಎಷ್ಟು ಯೋಚಿಸಿದರೂ ಅವರಿಗೆ ಅರ್ಥವಾಗಲಿಲ್ಲ. ಚೆನ್ನಾಗಿದೆ ಎಂದವಳೂ ಅವಳೇ, ಇಲ್ಲ ಎಂದವಳೂ ಅವಳೇ. ಕಲ್ಲು ಸರಿಯಾಗಿ ಜೋಡಿಸಲಿಲ್ಲವೇನೋ ಅನ್ನಿಸಿತು. ಕಡುಬು ಕಟ್ಟಿಕೊಟ್ಟದ್ದು ಲಂಚವೆಂದಾಯಿತೇನೋ ಎಂದೂ ಒಂದು ಗಳಿಗೆ ಹೆದರಿದರು. ಅಷ್ಟರಲ್ಲಿ ದಿಣ್ಣೆಯ ಹುಲ್ಲು ಮುಗಿದು, ಹಸುಗಳು ಮತ್ತೆ ತಗ್ಗಿಗೆ ಇಳಿದಿದ್ದವು. ಮೊಳೆತ ಹಸಿರು ನಾಲ್ಕು ದಿನದಲ್ಲಿ ಹೋಯಿತು. ಹಾಬರ್ಟ್ ಹರಾಜಿನವರಿಗೆ ಫೋನ್ ಮಾಡಿ ಅಕ್ಟೋಬರ್ ಸಂತೆಗೆ ಹೆಸರು ಬರೆಸಿದರು.

ಭಾನುವಾರ ಓರ್ಫಾ ಪ್ರಾರ್ಥನೆಯ ಹಾಡಿನಲ್ಲಿ ಎರಡು ಕಡೆ ಪಿಯಾನೊದಲ್ಲಿ ತಪ್ಪು ಸ್ವರ ಒತ್ತಿದರು. ಗಾರ್ಲೆಂಡ್ ಹೊರಗೆ ಬಂದು ಕಾರಣ ಕೇಳಿದರು. ಓರ್ಫಾ ಎಲ್ಲ ಹೇಳಿದರು. ಗುಡಿಸಿದ್ದು, ಬೀಜ ಹಾಕಿದ್ದು ಕೂಡ.

ಗಾರ್ಲೆಂಡ್ ತಲೆಯ ಮೇಲಿದ್ದ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಗುಡಿಸಿದ್ಯಾ? ಅಯ್ಯೋ ಓರ್ಫಾ. ಅವ್ರು ನೋಡೋಕೆ ಬರೋದೇ ಗಲೀಜನ್ನ. ನಾನು ಹಿಂದಿನ ದಿನ ಹಸುಗಳನ್ನೆಲ್ಲ ಒರತೆಗೇ ಅಟ್ಟಿದ್ದೆ. ಆ ಹುಡುಗಿ ಬೂಟು ಕೆಸರಲ್ಲಿ ಕಚ್ಕೊಂಡು, ಕಾಲು ಮಾತ್ರ ಹೊರಗೆ ಬಂತು."

"ಮನೆಗೆ ಬಂದವರ ಮುಂದೆ?"

"ಮನೆಗೆ ಬಂದ ನೆಂಟ್ರಲ್ಲ ಅವ್ರು. ಡಾಕ್ಟರು ಅಂದ್ಕೋ."

"ಡಾಕ್ಟರ್ ಹತ್ರ ಹೋಗುವಾಗ್ಲೂ ನಾನು ಸ್ನಾನ ಮಾಡ್ಕೊಂಡೇ ಹೋಗೋದು," ಎಂದರು ಓರ್ಫಾ.

ಇದು ಅವರಿಗೆ ತಮಾಷೆಯಾಗಿರಲಿಲ್ಲ. ನೀಟಾಗಿ ಇಟ್ಟುಕೊಂಡವರಿಗೆ ಇಲ್ಲ, ಗಲೀಜು ತೋರಿಸಿದವರಿಗೆ ಉಂಟು ಎಂಬ ಕಾರ್ಯಕ್ರಮ ಹೇಗೆ ಸರಿ ಎಂದು ಅವರಿಗೆ ಹೊಳೆಯಲೇ ಇಲ್ಲ. ನನಗೂ ಅದು ಪೂರ್ತಿ ಹೊಳೆದಿದೆ ಎನ್ನಲಾರೆ. ಆದರೆ ಸಂತೆ ಹತ್ತಿರ ಬರುತ್ತಿತ್ತು. ಸೋಮವಾರ ಅವರು ಮೂರನೆಯ ಬಾಗಿಲಿಗೆ ಹೋದರು. ಅಲ್ಲಿ ಇನ್ನೂ ಇಬ್ಬರು ರೈತರು ಕೂತಿದ್ದರು, ಇಬ್ಬರೂ ಗುರುತಿನವರು. ಅವರ ಮುಂದೆ ಓರ್ಫಾಗೆ ಬಾಯಿ ಬರಲಿಲ್ಲ. ಅವರು ಎದ್ದುಹೋಗುವವರೆಗೆ ಗೋಡೆಯ ಮೇಲಿದ್ದ ಹುಲ್ಲಿನ ಜಾತಿಗಳ ಚಿತ್ರ ನೋಡುತ್ತಾ ನಿಂತರು.

"ದೋನ್ಯಾ ಓರ್ಫಾ, ಹೇಗಿದ್ದೀರಿ?"

"ಏನೂ—" ಎಂದವರು ನಿಲ್ಲಿಸಿದರು. "ಮಗಳೇ, ನೀನು ಬಂದಾಗ ನಾನು ಗುಡಿಸಿಟ್ಟಿದ್ದೆ."

"ಏನನ್ನ?"

"ಒರತೆನ."

ಯಾರಿಟ್ಸಾ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಆಮೇಲೆ, "ನಮ್ಮಜ್ಜಿನೂ ಹಾಗೇ," ಎಂದಳು. "ಚಂಡಮಾರುತದ ಮೇಲೆ ಹಾನಿ ನೋಡೋಕೆ ಸರ್ಕಾರದೋರು ಬರ್ತಾರೆ ಅಂದ್ರೆ ಅಂಗಳ ಸಾರಿಸಿಬಿಟ್ಟಿದ್ರು. ನನಗೆ ಆಗ್ಲೇ ಹೊಳೀಬೇಕಿತ್ತು. ಗಡುವು ಶುಕ್ರವಾರ. ನಾಳೆ ಬರ್ಲಾ, ನಾಡಿದ್ದಾ?"

"ಬೇಡ," ಎಂದರು ಓರ್ಫಾ. "ಯಾವತ್ತು ಬರ್ತೀಯ ಅಂತ ನನಗೆ ಹೇಳಬೇಡ. ಹೇಳಿದ್ರೆ ನನ್ನ ಕೈ ಸುಮ್ಮನಿರಲ್ಲ."

ಮಂಗಳವಾರ ಪೂರ್ತಿ ಓರ್ಫಾ ಕಿಟಕಿಯ ಹತ್ತಿರ ಹೋಗಲಿಲ್ಲ. ಬುಧವಾರ ಸನಿಕೆಯನ್ನು ಕೈಗೆ ತೆಗೆದುಕೊಂಡು, ಮತ್ತೆ ಕೊಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈಯನ್ನು ಹಾಬರ್ಟ್‌ಗೆ ಕೊಟ್ಟರು.

ಗುರುವಾರ ಮಧ್ಯಾಹ್ನ ಯಾರಿಟ್ಸಾ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಅಕ್ಕ ತಮ್ಮ ಇಬ್ಬರೂ ತಗ್ಗಿನಲ್ಲಿದ್ದರು. ಒಂದು ಕಡಸು ಕೆಸರಿನಲ್ಲಿ ಹೊಟ್ಟೆಯವರೆಗೆ ಇಳಿದಿತ್ತು. ಹಾಬರ್ಟ್ ಮುಂದೆ ಹಗ್ಗ ಹಿಡಿದಿದ್ದರು, ಓರ್ಫಾ ಹಿಂದೆ ಬಾಲ ಹಿಡಿದಿದ್ದರು. ಯಾರಿಟ್ಸಾ ಏನೂ ಕೇಳದೆ ಕೆಸರಿಗಿಳಿದು ಹಗ್ಗದ ತುದಿಗೆ ಕೈಹಾಕಿದಳು. ಮೂವರೂ ಎಳೆದಾಗ ಕಡಸು ಮೇಲೆ ಬಂದು, ಮೈ ಒದರಿ ಮೂವರ ಮುಖಕ್ಕೂ ಕೆಸರು ಹಾರಿಸಿ ಓಡಿತು.

ಓರ್ಫಾ ತಮ್ಮ ಮುಖ ಒರೆಸಿಕೊಳ್ಳಲು ನೋಡಿದರು. ಕೈಯೂ ಕೆಸರೇ ಆಗಿತ್ತು.

"ಈಗ ಹೇಳಿ ದೋನ್ಯಾ ಓರ್ಫಾ," ಎಂದಳು ಯಾರಿಟ್ಸಾ. "ಏನು ತೊಂದರೆ?"

ಓರ್ಫಾ ಹೇಳತೊಡಗಿದರು. ಮೊದಲು ಮೆಲ್ಲಗೆ, ನೆಲ ನೋಡುತ್ತಾ. ಈ ನೀರು ಕುಡಿದ ಹಸುಗಳು ಭೇದಿ ಮಾಡುತ್ತವೆ. ಏಪ್ರಿಲ್‌ನಲ್ಲಿ ಸತ್ತ ಕರು, ಮುದಿ ಹಸು ಡೇಜಿಯ ಕೊನೆಯ ಕರು. ವರ್ಷ ವರ್ಷ ದಡ ಹಿಂದೆ ಸರಿಯುತ್ತಿದೆ. ಅಪ್ಪ ನೆಟ್ಟ ಸಿಕಮೋರ್ ಮರದ ಬೇರು ಹೊರಗೆ ಬಂದಿದೆ. ಆಮೇಲೆ ಮಾತು ಒರತೆಯ ದಡ ದಾಟಿತು. ಪಿಯಾನೊ ಮುಂದೆ ಕೂತು ಏಳುವಾಗ ಸೊಂಟ ಹಿಡಿದುಕೊಳ್ಳುತ್ತದೆ. ಹಸುಗಳು ಹೋದರೆ ಸಂಜೆ ಯಾವ ಕಡೆ ಮುಖ ಮಾಡಿ ಕೂರಬೇಕೋ ಗೊತ್ತಿಲ್ಲ. ಶೂ ಫ್ಯಾಕ್ಟರಿ ಮುಚ್ಚಿದ ದಿನವೂ ಏನೂ ತೊಂದರೆ ಇಲ್ಲ ಅಂದಿದ್ದೆ, ಇತ್ತು, ಬಹಳ ಇತ್ತು. ಯಾರಿಟ್ಸಾ ಸಿಕಮೋರ್ ಮರದವರೆಗೆ ಬರೆದುಕೊಂಡಳು. ಅಲ್ಲಿಂದ ಮುಂದೆ ಬರೀ ಕೇಳಿದಳು.

ಹಾಬರ್ಟ್ ಹಗ್ಗವನ್ನು ಸುತ್ತುತ್ತಾ ಅಲ್ಲೇ ನಿಂತಿದ್ದರು. ಸುತ್ತಿ ಮುಗಿದ ಹಗ್ಗವನ್ನು ಬಿಚ್ಚಿ ಮತ್ತೆ ಸುತ್ತಿದರು.

ಯಾರಿಟ್ಸಾ ಅಳತೆ ತೆಗೆದುಕೊಂಡಳು, ಫೋಟೊ ಹಿಡಿದಳು. ಅರ್ಜಿಯನ್ನು ನಾಳೆಯೇ ಸೇರಿಸುತ್ತೇನೆ ಎಂದಳು. ಆದರೆ ಬೇರೆ ಜಮೀನುಗಳ ಜೊತೆ ತೂಗಿನೋಡಿ ಆರಿಸುತ್ತಾರೆ, ಉತ್ತರ ಬರುವುದು ಚಳಿಗಾಲದಲ್ಲಿ, ಸಿಗುತ್ತದೆ ಎಂದು ಮಾತು ಕೊಡಲಾರೆ ಎಂದೂ ಹೇಳಿದಳು.

"ಚಳಿಗಾಲ ಅಂದ್ರೆ ಸಂತೆ ಆದ್ಮೇಲೆ," ಎಂದರು ಓರ್ಫಾ, ತಮ್ಮನ ಕಡೆ ನೋಡದೆ.

ಹುಡುಗಿ ಹೋದ ಮೇಲೆ ಇಬ್ಬರೂ ಇಳಿಜಾರು ಹತ್ತಿದರು. ಅರ್ಧ ದಾರಿಯಲ್ಲಿ ಹಾಬರ್ಟ್ ನಿಂತರು.

"ಸೊಂಟ ಯಾವಾಗಿಂದ?"

"ಅದು ಒರತೆ ವಿಷಯ ಅಲ್ಲ ಬಿಡು."

"ಆ ಹುಡುಗಿಗೆ ಹೇಳ್ದೆ, ನನಗೆ ಹೇಳಲ್ವಾ?"

"ಅವಳು ಕೇಳಿದ್ಲು."

"ನಾನು ದಿನಾ ಬೆಳಿಗ್ಗೆ ಹೇಗಿದ್ದೀಯ ಅಂತ ಕೇಳ್ತೀನಲ್ಲೇ ಅಕ್ಕಾ!"

"ಅದು ಕೇಳೋದಾ? ಅದು ಗುಡ್ ಮಾರ್ನಿಂಗು."

ಹಾಬರ್ಟ್ ಮನೆಗೆ ಬಂದು, ಕೆಸರಿನ ಕೈಯಲ್ಲೇ ಫೋನ್ ಎತ್ತಿ, ಹರಾಜಿನವರಿಗೆ ಈ ಅಕ್ಟೋಬರ್ ಬೇಡ ಎಂದರು. ಆ ಕಡೆಯವರು ಯಾಕೆ, ಏನಾದರೂ ತೊಂದರೆಯಾ ಎಂದು ಕೇಳಿದರು. "ಹೂಂ," ಎಂದು ಹಾಬರ್ಟ್ ಫೋನಿಟ್ಟರು.

ಈಗ ಡಿಸೆಂಬರ್. ಒರತೆಗೆ ಹಸುಗಳು ಇಳಿಯದಂತೆ ಹಾಬರ್ಟ್ ಹಳೆಯ ಬೇಲಿ ತಂತಿಯಿಂದಲೇ ಅಡ್ಡ ಕಟ್ಟಿದ್ದಾರೆ. ಪಿಕಪ್ ಗಾಡಿಯ ಮೇಲೆ ಪ್ಲಾಸ್ಟಿಕ್ ಟ್ಯಾಂಕ್ ಇಟ್ಟುಕೊಂಡು ತಮ್ಮ ಮನೆಯ ಬಾವಿ ಸಾಲದೆ ದಿನವೂ ನಮ್ಮ ಬಾವಿಯಿಂದ ನೀರು ಒಯ್ಯುತ್ತಾರೆ. ಮಂಡಿಗೆ ಪಟ್ಟಿ ಕಟ್ಟಿಕೊಂಡು ಬೈಯುತ್ತಾ ಒಯ್ಯುತ್ತಾರೆ. ಇದು ವರ್ಷವಿಡೀ ನಡೆಯುವ ಕೆಲಸವಲ್ಲ ಎಂದು ಅವರಿಗೂ ಗೊತ್ತು, ಓರ್ಫಾಗೂ ಗೊತ್ತು. ಯಾವ ಕಾರ್ಯಕ್ರಮಕ್ಕೆ ಅರ್ಜಿ ಹಾಕಿದ್ದು ಎಂದು ಚರ್ಚಿನಲ್ಲಿ ಯಾರೋ ಕೇಳಿದಾಗ ಓರ್ಫಾ ಹೆಸರು ನೆನಪು ಮಾಡಿಕೊಳ್ಳಲು ನೋಡಿ, ಆಗದೆ, "ಬಲಗಡೆ ಬಾಗಿಲಿಂದು," ಎಂದರು.

ಮೊನ್ನೆ ಟ್ಯಾಂಕ್ ತುಂಬುತ್ತಿದ್ದಾಗ ನಮ್ಮಪ್ಪ ಕೇಳಿದರು: "ಉತ್ತರ ಬಂತಾ ಮಿಸ್ ಓರ್ಫಾ?"

"ಇಲ್ಲಪ್ಪ."

"ಬರದಿದ್ರೆ ಏನ್ಮಾಡ್ತೀರಿ?"

ಓರ್ಫಾ ಪೈಪನ್ನು ಟ್ಯಾಂಕಿನ ಬಾಯಿಯಲ್ಲಿ ಸರಿಯಾಗಿ ಹಿಡಿದುಕೊಂಡರು. "ಗೊತ್ತಿಲ್ಲ," ಎಂದರು. "ಭಯ ಆಗುತ್ತೆ. ಮಾರ್ಚಲ್ಲಿ ಕರುಗಳು ಬೇರೆ ಹುಟ್ಟುತ್ವೆ."